ಮೆನು ಮುಚ್ಚಿಸಿದ ಮೇಷ್ಟ್ರು

ಶನಿವಾರ, ಬೆಳಗ್ಗೆ ಎಂಟು ಗಂಟೆ. ಸ್ಥಳ, ಹಾಸನದಲ್ಲಿರುವ ನಮ್ಮ ಟ್ರಸ್ಟಿನ ಡಯಾಲಿಸಿಸ್ ಕೇಂದ್ರ. ಹಾಜರಿದ್ದವರು: ಟ್ರಸ್ಟಿನ ಅಧ್ಯಕ್ಷರು, ಕಾರ್ಯದರ್ಶಿಯಾದ ನಾನು, ಪಾಳಿಯ ನರ್ಸುಗಳು, ಬೆಳಗಿನ ಸರದಿಯ ರೋಗಿಗಳು. ಬರಬೇಕಾಗಿದ್ದು ಇನ್ನೂ ಬಾರದವರು: ಮೇಷ್ಟ್ರು.

ಆಸ್ಪತ್ರೆಯಲ್ಲಿ ಕೆಲಸ ಮಾಡಿದಷ್ಟು ಕಾಲವೂ ವಾರ್ಡಿನ ವರದಿಯನ್ನು ನಾನು ಹೀಗೆಯೇ ಶುರುಮಾಡುತ್ತಿದ್ದೆ. ನರ್ಸಿಂಗ್ ಸೂಪರಿಂಟೆಂಡೆಂಟ್ ಆಗಿ ನಿವೃತ್ತಳಾದ ಮೇಲೂ ಆ ರೂಢಿ ಬಿಟ್ಟಿಲ್ಲ. ಮೇಷ್ಟ್ರು ಕಳೆದ ತಿಂಗಳು ತೀರಿಕೊಂಡರು. ಅವರ ಬಗ್ಗೆ ನಾಲ್ಕು ಮಾತು ಬರೆದುಕೊಡಿ ಎಂದು ಟ್ರಸ್ಟಿನವರು ಕೇಳಿದಾಗ ಹುಟ್ಟಿದ ಊರು, ಓದಿದ ಶಾಲೆ, ಸಲ್ಲಿಸಿದ ಸೇವೆ ಎಂದು ಬರೆಯಲು ಕುಳಿತೆ. ಬರೆದು ಓದಿದರೆ ಅದು ಯಾರದಾದರೂ ಆಗಬಹುದಿತ್ತು. ಹರಿದುಹಾಕಿದೆ. ಈಗ ಆ ಒಂದು ಶನಿವಾರವನ್ನಷ್ಟೇ ಬರೆಯುತ್ತೇನೆ. ಮೇಷ್ಟ್ರು ಅದರೊಳಗೆ ಸಾಕಷ್ಟು ಇದ್ದಾರೆ.

ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದವರು ಅವರು. ನಿವೃತ್ತಿಯ ನಂತರ ಸಣ್ಣಪುಟ್ಟ ಸಂಸ್ಥೆಗಳಿಗೆ ವೆಬ್‌ಸೈಟ್ ಮಾಡಿಕೊಡುವುದನ್ನು ಹಿಡಿದರು. ಒಂದು ಹೈಸ್ಕೂಲು, ಒಂದು ಮಹಿಳಾ ಸಂಘ, ಆಮೇಲೆ ನಾವು. ತೆಳ್ಳನೆಯ ಆಳು, ಸದಾ ಅರ್ಧ ತೋಳಿನ ಬಿಳಿ ಅಂಗಿ, ಹೆಗಲಿಗೆ ಬಟ್ಟೆಯ ಚೀಲ. ಚೀಲದ ತುಂಬ ಹಳೆಯ ಫೋನುಗಳು. ಪರಿಚಯದವರು ಬಿಸಾಡಲು ಹೊರಟಿದ್ದನ್ನೆಲ್ಲ ಕೇಳಿ ತಂದು ಇಟ್ಟುಕೊಂಡಿದ್ದರು. ಗಾಜು ಒಡೆದದ್ದು, ಅಂಚು ಸವೆದದ್ದು, ತಾಕಿದರೂ ತಡವಾಗಿ ಏಳುವಂಥದ್ದು. ಇದೆಲ್ಲ ಯಾಕೆ ಎಂದು ಕೇಳಿದ್ದಕ್ಕೆ, "ನನ್ನ ಫೋನಲ್ಲಿ ಸರಿಯಾಗಿರೋದು ನನಗೆ ಮಾತ್ರ ಸರಿ ಸಿಸ್ಟರ್. ಅವರ ಫೋನಲ್ಲಿ ಆಗಬೇಕು" ಎಂದಿದ್ದರು.

ಸಮಯಕ್ಕೆ ಬರುವುದು ಅವರಿಗೆ ಒಗ್ಗದ ವಿಷಯ. ನಮ್ಮಿಬ್ಬರ ನಡುವೆ ಅದೊಂದೇ ಜಗಳ. ಒಮ್ಮೆ ಗೋಡೆಯ ಗಡಿಯಾರ ತೋರಿಸಿ, "ಮೇಷ್ಟ್ರೇ, ಇದು ನಡೀತಾ ಇದೆ" ಎಂದೆ.

"ನೀವು ಟೈಮಿಗೆ ಬರೋರು, ನಾನು ಕೆಲಸಕ್ಕೆ ಬರೋನು" ಎಂದರು.

"ಕೆಲಸವೂ ಟೈಮಿಗೇ ಬರುತ್ತೆ. ಇಂಜೆಕ್ಷನ್ ಕೊಟ್ಟು ಅಭ್ಯಾಸವಿದ್ದಿದ್ದರೆ ಗೊತ್ತಿರೋದು."

"ಸದ್ಯ, ನನ್ನ ಕೈಗೆ ಯಾರೂ ಸೂಜಿ ಕೊಡಲಿಲ್ಲ" ಎಂದು ಚೀಲ ಇಳಿಸಿದರು. ಹೀಗೆ ಹೇಳಿ ನಗಿಸಿ ತಪ್ಪಿಸಿಕೊಳ್ಳುತ್ತಿದ್ದರು. ನಾನು ನಗುತ್ತಿರಲಿಲ್ಲ, ನರ್ಸುಗಳು ನಗುತ್ತಿದ್ದರು.

ಆ ಶನಿವಾರದ ಸಂಗತಿ ಏನೆಂದರೆ, ನಮ್ಮಲ್ಲಿ ಯಂತ್ರಗಳು ಕಡಿಮೆ, ಬರುವವರು ಹೆಚ್ಚು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಿಂದ ರೋಗಿಗಳನ್ನು ಟ್ರಸ್ಟಿನ ವ್ಯಾನು ಕರೆತಂದು ವಾಪಸ್ಸು ಬಿಡುತ್ತದೆ. ಮೊದಲು ಮುಂದಿನ ವಾರದ ಸರದಿ ಪಡೆಯಲು ಭಾನುವಾರ ಬೆಳಗಿನ ಜಾವಕ್ಕೆ ಮನೆಗೊಬ್ಬರು ಬಂದು ನಮ್ಮ ಗೇಟಿನ ಮುಂದೆ ಸಾಲು ನಿಲ್ಲಬೇಕಿತ್ತು. ಆ ಸಾಲು ತಪ್ಪಿಸಲೆಂದೇ ವೆಬ್‌ಸೈಟ್ ಮಾಡಿಸಿದ್ದು. ಫೋನಿನಲ್ಲಿ ಊರು ಆರಿಸಿ, ದಿನ ಆರಿಸಿ, 'ಖಚಿತ' ಎಂಬಲ್ಲಿ ಒತ್ತಿದರೆ ಮುಗಿಯಿತು. ಶನಿವಾರ ಸಂಜೆ ಆರರೊಳಗೆ ಒತ್ತಬೇಕು. ಒತ್ತದವರ ಜಾಗ ಕಾಯುತ್ತಿರುವವರಿಗೆ ಹೋಗುತ್ತದೆ.

ಆಫೀಸಿನ ಕಂಪ್ಯೂಟರಿನಲ್ಲಿ ಎಲ್ಲ ಸೊಗಸಾಗಿತ್ತು. 'ಊರು' ಎಂಬ ಪದದ ಮೇಲೆ ಬಾಣದ ಗುರುತು ತಂದರೆ ಕೆಳಗೆ ಊರುಗಳ ಮೆನು ಇಳಿಯುತ್ತಿತ್ತು. ಬಾಣ ಸರಿಸಿದರೆ ತಾನೇ ಮುಚ್ಚಿಕೊಳ್ಳುತ್ತಿತ್ತು. ಫೋನಿನಲ್ಲಿ ಬಾಣವಿಲ್ಲ, ಬೆರಳು. ಬೆರಳು ಎತ್ತಿದ ಮೇಲೆ ಅದು ಎಲ್ಲಿಗೆ ಹೋಯಿತೆಂದು ಫೋನಿಗೆ ತಿಳಿಯುವುದಿಲ್ಲ. ಹಾಗಾಗಿ ಇಳಿದ ಮೆನು ಇಳಿದೇ ಇರುತ್ತಿತ್ತು, 'ಖಚಿತ' ಎಂಬುದು ಅದರ ಅಡಿಯಲ್ಲಿ ಮುಚ್ಚಿಹೋಗುತ್ತಿತ್ತು. ಜನ ಹಿಂದಕ್ಕೆ ಹೋಗುವ ಗುಂಡಿ ಒತ್ತುತ್ತಿದ್ದರು. ಇಡೀ ಪುಟವೇ ಹೋಗಿ ಮೊದಲಿಂದ ಶುರುವಾಗುತ್ತಿತ್ತು. ಮತ್ತೆ ಮಾಡಿ, ಮತ್ತೆ ಹೋಗಿ, ಕೊನೆಗೆ ಬೇಸತ್ತು ಫೋನು ಕೆಳಗಿಡುತ್ತಿದ್ದರು. ಕಾಯುತ್ತಿದ್ದವರಿಗೂ ಅದೇ ಪಾಡು. ಸೋಮವಾರ ನೋಡಿದರೆ ವ್ಯಾನಿನಲ್ಲಿ ಅರ್ಧ ಸೀಟು ಖಾಲಿ, ಹಜಾರದಲ್ಲಿ ಯಂತ್ರ ಖಾಲಿ.

ಅಧ್ಯಕ್ಷರು ಹಾರ್ಡ್‌ವೇರ್ ಅಂಗಡಿಯವರು, ಕೆಟ್ಟವರಲ್ಲ. ಖಾಲಿ ಯಂತ್ರ ನೋಡಿದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಅಂದು ಎಂಟಕ್ಕೇ ಬಂದು, ಅಚ್ಚು ಹಾಕಿಸಿದ ನೋಟಿಸನ್ನು ಮೇಜಿನ ಮೇಲಿಟ್ಟರು. ನಾಳೆಯಿಂದ ಮತ್ತೆ ಗೇಟಿನ ಸಾಲು ಎಂದು ಅದರಲ್ಲಿತ್ತು.

"ಇವತ್ತು ಸಂಜೆ ಆರರವರೆಗೆ ನೋಡ್ತೀನಿ ಸಿಸ್ಟರ್. ಆಗಲಿಲ್ಲ ಅಂದ್ರೆ ಎಲ್ಲರಿಗೂ ಫೋನ್ ಮಾಡಿಸಿ ಇದನ್ನ ಅಂಟಿಸಿಬಿಡಿ. ಸಾಲಲ್ಲಿ ನಿಂತವನ ಮುಖನಾದ್ರೂ ಕಾಣುತ್ತೆ."

ಅವರ ಮಾತು ಕೇಳಿಸಿಕೊಂಡವರು ಕಿಟಕಿ ಪಕ್ಕದ ಹಾಸಿಗೆಯ ಅರಕಲಗೂಡಿನ ಹೆಣ್ಣುಮಗಳು. ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದಾರೆ. ರವಿಕೆ ಹೊಲಿಯುವುದರಲ್ಲಿ ಕೈ ಚೊಕ್ಕ. ಹಿಂದಿನ ವಾರ ಮೆನು ಮುಚ್ಚದೆ ಒಂದು ಸರದಿ ತಪ್ಪಿ, ಮುಖ ಊದಿಸಿಕೊಂಡು ಏದುಸಿರು ಬಿಡುತ್ತ ಬಂದಿದ್ದರು. ಅವತ್ತು ಅವರನ್ನು ಹಿಡಿದು ಹಾಸಿಗೆಗೆ ಸೇರಿಸಿದವಳು ನಾನು.

"ಸಿಸ್ಟ್ರಮ್ಮ, ಬಾನ್ವಾರ ನಾನೆಲ್ ಬಂದು ನಿಲ್ಲಾಣ ಏಳಿ" ಎಂದರು. "ಅವತ್ತೇ ನಮ್ ಅಂಗ್ಡಿಗೆ ಜನ ಬರಾದು. ನಮ್ಮುಡ್ಗಿ ಕಾಲೇಜ್ ಓಯ್ತದೆ, ಅದ್ನ ಒಂದ್ನೇ ಕತ್ಲಲ್ಲಿ ಬಸ್ ಅತ್ಸಕಾಯ್ತದಾ? ಕಾಲು ನೋಡಿ ಇಂಗಿದ್ರೆ ನಿಲ್ಲಕೇ ಆಗಕಿಲ್ಲ. ಸಾಲು ಮಾಡುದ್ರೆ ಒಂದು ಅಂಗ್ಡಿ ಮುಚ್ಬೇಕು, ಇಲ್ಲಾ ನಾನೇ ಬರಾದ್ ಬುಡಬೇಕು."

ಬರುವುದು ಬಿಟ್ಟರೆ ಏನಾಗುತ್ತದೆಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನು ಅವರ ರಕ್ತದೊತ್ತಡ ನೋಡಿ ಬರೆದುಕೊಂಡೆ.

ಮೇಷ್ಟ್ರು ಬಂದಾಗ ಎಂಟೂಮುಕ್ಕಾಲು. "ಆಗಿದೆ ಸಿಸ್ಟರ್, ರಿಪೇರಿ ಮಾಡಿದೀನಿ" ಎಂದು ಒಳಗೆ ಬರುತ್ತಲೇ ಹೇಳಿದರು. ಮೆನುವಿನ ಹೊರಗೆ, ಪುಟದ ಖಾಲಿ ಜಾಗದಲ್ಲಿ ಎಲ್ಲಿ ಒತ್ತಿದರೂ ಅದು ಮುಚ್ಚಿಕೊಳ್ಳುವಂತೆ ಮಾಡಿದ್ದರು. ಎಲ್ಲ ಕಡೆ ಹೀಗೇ ಮಾಡುವುದಂತೆ. ಕೆಲವು ಫೋನುಗಳು ಖಾಲಿ ಜಾಗದ ಒತ್ತನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲವೆಂದು ಅದಕ್ಕೂ ಒಂದು ದಾರಿ ಹುಡುಕಿದ್ದರು. ಚೀಲದಿಂದ ಒಂದೊಂದೇ ಫೋನು ತೆಗೆದು ತೋರಿಸಿದರು. ಎಲ್ಲದರಲ್ಲೂ ಮುಚ್ಚಿತು. ಅಧ್ಯಕ್ಷರ ಮುಖವೂ ಸ್ವಲ್ಪ ಸಡಿಲವಾಯಿತು.

ಆದರೆ ಮೇಷ್ಟ್ರು ತಾವು ಒತ್ತಿ ನೋಡಿದ್ದನ್ನು ನಂಬುವವರಲ್ಲ. ಸೀದಾ ಕಿಟಕಿ ಪಕ್ಕದ ಹಾಸಿಗೆಗೆ ಹೋಗಿ, "ಅಮ್ಮ, ನಿಮ್ಮ ಫೋನಲ್ಲಿ ಒಂದ್ಸಲ ನೋಡ್ತೀರಾ?" ಎಂದರು. ಆಮೇಲೆ ಎರಡು ಕೈಗಳನ್ನೂ ಬೆನ್ನ ಹಿಂದೆ ತೆಗೆದುಕೊಂಡು, ಒಂದು ಕೈಯಿಂದ ಇನ್ನೊಂದರ ಮಣಿಕಟ್ಟನ್ನು ಹಿಡಿದು ನಿಂತರು.

ಆ ನಿಲುವನ್ನು ನೋಡಿದವರು ಮರೆಯುವುದಿಲ್ಲ. ಯಾರ ಕೈಯಿಂದಲೂ ಅವರು ಫೋನು ಇಸಿದುಕೊಂಡದ್ದನ್ನು ನಾನು ಕಾಣೆ. ಇಲ್ಲಿ ಒತ್ತಿ, ಅಲ್ಲಿ ಒತ್ತಿ ಎಂದು ಹೇಳಿದವರೂ ಅಲ್ಲ. ಪಾಲಿಟೆಕ್ನಿಕ್ಕಿನ ಪ್ರಯೋಗಶಾಲೆಯಲ್ಲೂ ಹೀಗೇ ನಿಲ್ಲುತ್ತಿದ್ದರಂತೆ. ಹುಡುಗರು ತಪ್ಪು ತಂತಿ ಜೋಡಿಸಿ, ಸುಟ್ಟ ವಾಸನೆ ಬಂದ ಮೇಲೂ ಇವರು ಬಾಯಿ ಬಿಡುತ್ತಿರಲಿಲ್ಲವೆಂದು ಅವರ ಶಿಷ್ಯನೊಬ್ಬ ಹೇಳಿದ್ದ. ಕೇಳಿದರೆ ಮೇಷ್ಟ್ರು ಹೇಳುತ್ತಿದ್ದದ್ದು ಇಷ್ಟು: "ಬಾಯಿ ಮರ್ಯಾದೆಗೆ ಚೆನ್ನಾಗಿದೆ ಅಂದ್ಬಿಡುತ್ತೆ. ಬೆರಳಿಗೆ ಆ ಮರ್ಯಾದೆ ಇಲ್ಲ, ನಿಜ ಹೇಳುತ್ತೆ."

ಕಟ್ಟಾಯದಲ್ಲಿ ಅವರ ಅಕ್ಕನ ಮನೆ. ಒಂದು ಸಲ ಹೈಸ್ಕೂಲಿನ ವೆಬ್‌ಸೈಟ್ ನೋಡಿಸಲು ಅಲ್ಲಿಗೆ ಹೋಗಿ, ಆಲೂಗಡ್ಡೆ ಆರಿಸುತ್ತಿದ್ದ ಅಕ್ಕನ ಮಣ್ಣು ಕೈಗೆ ಫೋನು ಕೊಟ್ಟು ಹೀಗೇ ನಿಂತರಂತೆ. ಆಕೆ ತಲೆ ಎತ್ತಿ, "ಇಷ್ಟ್ ವರ್ಸ ಮಕ್ಳಿಗ್ ಪಾಟ ಮಾಡಿ, ಈಗ ನನ್ ಬೆಳ್ಳು ನೋಡಕ್ ಬಂದೇನ್ಲಾ? ಕೂತ್ಕೊ, ಗೆಡ್ಡೆ ಆರ್ಸು" ಎಂದರಂತೆ. ಮೇಷ್ಟ್ರು ಕುಳಿತು ಆಲೂಗಡ್ಡೆ ಆರಿಸಿದರು. ಮಣ್ಣು ಕೈಯಲ್ಲಿ ಫೋನು ಹೇಗೆ ತಡವರಿಸುತ್ತದೆ ಎಂಬುದನ್ನು ತಮ್ಮ ಕೈಯಲ್ಲೇ ನೋಡಿಕೊಂಡು ಬಂದರು. ಇದನ್ನು ಅವರೇ ಹೇಳಿಕೊಂಡು ನಕ್ಕಿದ್ದರು.

ಹಾಸಿಗೆಯ ಮೇಲಿದ್ದ ಟೈಲರಮ್ಮನ ಎಡಗೈ ಯಂತ್ರದ ನಳಿಕೆಗೆ ಸೇರಿತ್ತು, ಅಲುಗಿಸುವಂತಿಲ್ಲ. ಬಲಗೈಯಲ್ಲಿ ಫೋನು ಹಿಡಿದು ಅದೇ ಕೈಯ ಹೆಬ್ಬೆರಳಿಂದ 'ಊರು' ಒತ್ತಿದರು. ಮೆನು ಇಳಿಯಿತು. ಅರಕಲಗೂಡು ಒತ್ತಿದರು. ಮೆನು ಅಲ್ಲೇ ನಿಂತಿತು. ಸ್ವಲ್ಪ ಹೊತ್ತು ನೋಡಿದರು. ಮತ್ತೆ 'ಊರು' ಪದವನ್ನೇ ಒತ್ತಿದರು. ಮತ್ತೊಮ್ಮೆ. ಖಾಲಿ ಜಾಗ ಪಕ್ಕದಲ್ಲೇ ಅಂಗಳದಷ್ಟು ಅಗಲ ಬಿದ್ದಿತ್ತು. ಹೆಬ್ಬೆರಳು ಅತ್ತ ಹೋಗಲೇ ಇಲ್ಲ.

ಅಧ್ಯಕ್ಷರಿಗೆ ತಡೆಯಲಾಗಲಿಲ್ಲ. "ಅಲ್ಲಮ್ಮ, ಪಕ್ಕದಲ್ಲಿ ಖಾಲಿ ಜಾಗ ಇದೆಯಲ್ಲ, ಎಲ್ಲಾದ್ರೂ ಒತ್ತಿ."

ಆಕೆ ಫೋನನ್ನು ಎದೆಗೆ ಅಂಟಿಸಿಕೊಂಡರು. "ಅಯ್ಯೋ, ಎಲ್ಲೆಂದ್ರಲ್ಲಿ ಮುಟ್ಟದಾ? ಬ್ಯಾಂಕ್ನೋರೂ ಏಳವ್ರೆ, ನಮ್ಮುಡ್ಗೀನೂ ಏಳದೆ. ಗೊತ್ತಿಲ್ದಿರೋ ಕಡೆ ಬೆಳ್ಳಿಟ್ರೆ ಇರೋ ಬರೋದೆಲ್ಲ ಓಗ್ಬುಡ್ತದಂತೆ."

ಎದುರು ಹಾಸಿಗೆಯಲ್ಲಿದ್ದ ಹೊಳೆನರಸೀಪುರದ ಅಜ್ಜ ಅಲ್ಲಿಂದಲೇ ದನಿಗೂಡಿಸಿದರು. "ಅವ್ವ ಏಳಾದ್ ಸರ್ಯಾಗೈತೆ ಸಾ. ನಮ್ಮೂರಲ್ಲಿ ಒಬ್ಬ ಕಾಲಿ ಜಾಗ ಒತ್ತಿ ಕಳ್ಕಂಡವ್ನೆ. ಬರ್ದಿರೋ ಕಡೆ ಮಾತ್ರ ಒತ್ತ್ಬೇಕು. ಏನೂ ಬರ್ದಿಲ್ಲ ಅಂದ್ರೆ ಏನೋ ಐತೆ ಅಂತ್ಲೇ ಲೆಕ್ಕ."

ಮೇಷ್ಟ್ರು ಬೆನ್ನ ಹಿಂದಿನ ಕೈ ಬಿಡಲಿಲ್ಲ. ಕೇಳಿದ್ದು ಒಂದೇ ಮಾತು: "ಹಾಗಾದ್ರೆ ಮುಚ್ಚಬೇಕು ಅಂದ್ರೆ ಎಲ್ಲಿ ಒತ್ತಬೇಕು ಅನ್ಸುತ್ತಮ್ಮ ನಿಮಗೆ?"

"ತೆಗ್ದ್ ಕಡೇನೇ" ಎಂದರು ಆಕೆ. "ಬಾಗ್ಲು ತೆಗ್ದಿದ್ ಕಡೆ ತಾನೆ ಆಕದು. ಬೇರೆ ಕಡೆ ಗೋಡೆ ಗುದ್ದುದ್ರೆ ಬಾಗ್ಲಾಕತ್ತದಾ?"

ಹಜಾರದಲ್ಲಿ ಯಾರೋ ನಕ್ಕರು. ಮೇಷ್ಟ್ರು ನಗಲಿಲ್ಲ. ಪರೀಕ್ಷೆಯಲ್ಲಿ ಫೇಲಾದವರ ಮುಖವೂ ಅಲ್ಲ ಅವರದು. ಕಳೆದುಹೋದ ಬೀಗದ ಕೈ ಸಿಕ್ಕವರ ಹಾಗೆ ನಿಂತಿದ್ದರು. "ಎರಡು ದಿನ ದಂಡವಾಯ್ತು ಸಿಸ್ಟರ್. ಒಳ್ಳೇದಾಯ್ತು" ಎಂದರು. ಇದರಲ್ಲಿ ಒಳ್ಳೆಯದು ಏನೆಂದು ನನಗೆ ಹೊಳೆಯಲಿಲ್ಲ. ಕೂರಲು ಜಾಗ ಕೇಳಿದರು. ಲಿನನ್ ಕೋಣೆ ಬಿಟ್ಟುಕೊಟ್ಟೆ, ಮಡಿಸಿಟ್ಟ ಬೆಡ್‌ಶೀಟು ಮುಟ್ಟಬಾರದೆಂಬ ಷರತ್ತಿನ ಮೇಲೆ.

ಮಧ್ಯಾಹ್ನದ ಹೊತ್ತಿಗೆ ಹೋಗಿ ನೋಡಿದರೆ ಬೆಡ್‌ಶೀಟುಗಳ ಒಂದು ಕಟ್ಟು ಅವರ ಬೆನ್ನಿಗೆ ಒರಗುದಿಂಬಾಗಿತ್ತು, ಇನ್ನೊಂದರ ಮೇಲೆ ಫೋನುಗಳನ್ನು ಸಾಲಾಗಿ ಜೋಡಿಸಿದ್ದರು. ತಂದಿಟ್ಟ ಊಟ ಆರಿತ್ತು. ಬೈಯಲು ಬಾಯಿ ತೆರೆದೆ. ಅವರು ತಲೆ ಎತ್ತದೆ, "ಮುಚ್ಚುತ್ತೆ, ಮತ್ತೆ ತೆರೆದುಕೊಳ್ಳುತ್ತೆ" ಎಂದರು. ಆಮೇಲೆ ವಿವರಿಸಿದರು. ಬೆರಳು ತಾಕಿಸಿದರೆ ಫೋನು ಅದನ್ನು ಒಮ್ಮೆ ಬೆರಳೆಂದೂ, ಮರುಕ್ಷಣ ಮೌಸಿನ ಒತ್ತೆಂದೂ ಎರಡು ಸಲ ಹೇಳುತ್ತದಂತೆ. ಮೊದಲನೆಯದಕ್ಕೆ ಮೆನು ಮುಚ್ಚಿ, ಎರಡನೆಯದಕ್ಕೆ ತೆರೆಯುತ್ತಿತ್ತು. ಕಣ್ಣಿಗೆ ಮಾತ್ರ ಏನೂ ಆಗದಂತೆ ಕಾಣುತ್ತಿತ್ತು.

ನಾನು ಹೇಳಿದೆ: "ವಾರ್ಡಿನಲ್ಲಿ ಒಂದೇ ಔಷಧಿಯನ್ನು ಇಬ್ಬರು ನರ್ಸುಗಳು ಕೊಟ್ಟುಬಿಡುವ ಅಪಾಯ ಇರುತ್ತೆ. ಅದಕ್ಕೇ ಒಬ್ಬರ ಮಾತು ಮಾತ್ರ ಕೇಳಬೇಕು ಅಂತ ನಿಯಮ."

"ಅದೇ ಸಿಸ್ಟರ್. ಒಬ್ಬರ ಮಾತು ಮಾತ್ರ ಕೇಳಿಸ್ತೀನಿ."

ಊಟ ಮಾಡಿಸದೆ ಅಲ್ಲಿಂದ ಕದಲಲಿಲ್ಲ ನಾನು. ಅಷ್ಟರಲ್ಲಿ ಬೆಳಗಿನವರ ಸರದಿ ಮುಗಿದು ಅರಕಲಗೂಡಿನ ವ್ಯಾನು ಹೊರಟಿತ್ತು. ಟೈಲರಮ್ಮ ಹೋಗುವಾಗ ಕೋಣೆಯ ಬಾಗಿಲಲ್ಲಿ ಇಣುಕಿ, "ಆಯ್ತದಾ ಸಾ?" ಎಂದು ಕೇಳಿದ್ದರು. "ನೋಡೋಣಮ್ಮ" ಎಂದಿದ್ದರು ಮೇಷ್ಟ್ರು. ಆಗುತ್ತದೆ ಎಂಬ ಮಾತನ್ನು ಅವರು ಸುಲಭವಾಗಿ ಕೊಡುತ್ತಿರಲಿಲ್ಲ. ಬೆಳಗ್ಗೆ ಒಮ್ಮೆ ಕೊಟ್ಟು ಕೈ ಸುಟ್ಟುಕೊಂಡಿದ್ದರು.

ನಾಲ್ಕು ಗಂಟೆಗೆ ಹೊಸದನ್ನು ಮಧ್ಯಾಹ್ನದ ಸರದಿಯವರಿಗೆ ತೋರಿಸಿದರು. 'ಊರು' ಒತ್ತಿದರೆ ಇಳಿಯುತ್ತದೆ, ಮತ್ತೆ ಅಲ್ಲೇ ಒತ್ತಿದರೆ ಮುಚ್ಚುತ್ತದೆ. ಊರು ಆರಿಸಿದರೆ ತಾನೇ ಮುಚ್ಚುತ್ತದೆ. ಹಿಂದಕ್ಕೆ ಹೋಗುವ ಗುಂಡಿ ಒತ್ತಿದರೆ ಪುಟ ಹೋಗದೆ ಮೆನು ಮಾತ್ರ ಮುಚ್ಚುತ್ತದೆ. ಇಷ್ಟು ಸಾಲದೆಂದು ಮೆನುವಿನ ಕೊನೆಯಲ್ಲಿ, ಹೆಬ್ಬೆರಳಿಗೆ ಸಿಗುವ ಕಡೆ, 'ಮುಚ್ಚಿ' ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದರು. ಖಾಲಿ ಜಾಗವನ್ನು ಮುಟ್ಟಲೇಬೇಕಾದ ಕೆಲಸ ಎಲ್ಲೂ ಉಳಿದಿರಲಿಲ್ಲ. ಚನ್ನರಾಯಪಟ್ಟಣದ ಒಬ್ಬರು ಮೂರು ನಾಲ್ಕು ಸಲ ತೆರೆದು ಮುಚ್ಚಿ, "ಚೆನ್ನಾಗಿ ಆಡ್ತದೆ ಬುಡಿ" ಎಂದರು. ಮೇಷ್ಟ್ರು ಬೆನ್ನ ಹಿಂದೆ ಕೈ ಕಟ್ಟಿಕೊಂಡೇ ಹಜಾರ ಸುತ್ತಿದರು.

ಐದಾಯಿತು. ನಾನು, ಅಧ್ಯಕ್ಷರು, ಮೇಷ್ಟ್ರು ಆಫೀಸಿನ ಕಂಪ್ಯೂಟರಿನ ಮುಂದೆ ಕುಳಿತೆವು. ಖಚಿತಪಡಿಸಿದವರ ಹೆಸರಿನ ಮುಂದೆ ಹಸಿರು ಗುರುತು ಮೂಡುತ್ತದೆ. ಹೊಳೆನರಸೀಪುರದ ಅಜ್ಜನದು ಮೂಡಿತು. ಚನ್ನರಾಯಪಟ್ಟಣದವರು ಒಬ್ಬೊಬ್ಬರಾಗಿ ಬಂದರು. ಅಧ್ಯಕ್ಷರು ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. ಐದೂವರೆ ದಾಟುವ ಹೊತ್ತಿಗೆ ಹಿಂದೆಂದೂ ಕಾಣದಷ್ಟು ಹಸಿರು. ಅರಕಲಗೂಡಿನ ಟೈಲರಮ್ಮನ ಹೆಸರಿನ ಮುಂದೆ ಮಾತ್ರ ಏನೂ ಇಲ್ಲ.

ನಾನು ಫೋನು ಎತ್ತಿಕೊಂಡೆ. "ಅವರದನ್ನ ಇಲ್ಲಿಂದಲೇ ಒತ್ತಿಬಿಡ್ತೀನಿ. ಕೇಳಿ ಮಾಡಿದರಾಯ್ತು."

"ಬೇಡಿ ಸಿಸ್ಟರ್" ಎಂದರು ಮೇಷ್ಟ್ರು.

"ಅವರಿಗೆ ಸರದಿ ತಪ್ಪಿದರೆ ಏನಾಗುತ್ತೆ ಗೊತ್ತಾ ನಿಮಗೆ? ಕಳೆದ ವಾರ ಅವರನ್ನ ಮಲಗಿಸಿದ್ದು ನಾನು, ನೀವಲ್ಲ."

"ಗೊತ್ತು. ಆದರೆ ಇವತ್ತು ನೀವು ಒತ್ತಿದರೆ ಮುಂದಿನ ವಾರ ಯಾರು ಒತ್ತುತ್ತಾರೆ? ಅವರ ಕೈಲಿ ಆಗುತ್ತೋ ಇಲ್ಲವೋ ಅನ್ನೋದು ನನಗೆ ಗೊತ್ತಾಗಬೇಕು. ಆಗದಿದ್ದರೆ ಅಧ್ಯಕ್ಷರ ನೋಟಿಸೇ ಸರಿ, ನಾನೇ ಅಂಟಿಸ್ತೀನಿ." ಆಮೇಲೆ, ಹಿಂದೆಂದೂ ಮಾಡದ ಕೆಲಸವೊಂದನ್ನು ಮಾಡಿದರು. ತಲೆ ಎತ್ತಿ ಗೋಡೆಯ ಗಡಿಯಾರ ನೋಡಿದರು. "ಆರಕ್ಕೆ ಐದು ನಿಮಿಷ ಇದ್ದಾಗ ಒತ್ತಿ. ಅಲ್ಲಿವರೆಗೆ ಬಿಡಿ."

ಸರದಿಯ ವಿಷಯದಲ್ಲಿ ನಾನು ಯಾರ ಮಾತಿಗೂ ಕಾದವಳಲ್ಲ. ಅಂದು ಕಾದೆ. ಮೇಷ್ಟ್ರ ಕೈಗಳು ಬೆನ್ನ ಹಿಂದೆ ಇರಲಿಲ್ಲ, ಮಡಿಲಲ್ಲಿ ಒಂದನ್ನೊಂದು ಹಿಸುಕುತ್ತಿದ್ದವು. ಅಧ್ಯಕ್ಷರು ಯಾರದೋ ಫೋನಿಗೆ ಉತ್ತರ ಕೊಡದೆ ಕತ್ತರಿಸಿದರು. ಪಕ್ಕದ ಕೋಣೆಯಲ್ಲಿ ನರ್ಸು ಯಂತ್ರ ತೊಳೆಯುವ ಸದ್ದು ಕೇಳುತ್ತಿತ್ತು.

ಮುಳ್ಳು ಇನ್ನೂ ಐದು ನಿಮಿಷದ ಗೆರೆಗೆ ಬಂದಿರಲಿಲ್ಲ. ಹಸಿರು ಗುರುತು ಮೂಡಿತು. ಅದರ ಹಿಂದೆಯೇ ನನ್ನ ಫೋನು ಬಡಿದುಕೊಂಡಿತು. ಸ್ಪೀಕರಿಗೆ ಹಾಕಿದೆ. ಹೊಲಿಗೆ ಯಂತ್ರದ ಸದ್ದಿನ ನಡುವೆ ಆಕೆಯ ದನಿ.

"ಸಿಸ್ಟ್ರಮ್ಮ, ಅದು ಮುಚ್ಕತ್ತು ಕಣಮ್ಮ. ಗಿರಾಕಿ ಬಂದಿದ್ರು, ಅಳ್ತೆ ತಕ್ಕತಾ ತಡ ಆಯ್ತು. ಸ್ವಾಮಾರ ವ್ಯಾನ್ ಬತ್ತದಲ್ಲ?"

ಮೇಷ್ಟ್ರು ಮುಂದಕ್ಕೆ ಬಾಗಿ, "ಎಲ್ಲಿ ಒತ್ತಿದ್ರಿ ಅಂತ ಕೇಳಿ" ಎಂದು ಪಿಸುಗುಟ್ಟಿದರು. ಕೇಳಿದೆ.

"ಅರಕಲಗೂಡು ಒತ್ತುದ್ ತಕ್ಸಣ ಅದೇ ಮುಚ್ಕತ್ತು. ನಂಬಕಾಗ್ದೆ ತಿರ್ಗಾ ತೆಗ್ದು, ತೆಗ್ದ್ ಕಡೇನೇ ಒತ್ತುದೆ. ಆಗ್ಲೂ ಮುಚ್ಕತ್ತು. ಮೇಷ್ಟ್ರು ಅವ್ರಾ ಅಲ್ಲಿ? ಅವ್ರ ಅಂಗಿ ಒಂದ್ ಸಲ ತರಕೇಳಿ. ತೋಳು ಬಿಚ್ಕಂಡೈತೆ, ನಾನ್ ಬೆಳಗ್ಗೇನೇ ನೋಡ್ದೆ."

ಮೇಷ್ಟ್ರು ತೋಳು ಎತ್ತಿ ನೋಡಿಕೊಂಡರು. ನಿಜವಾಗಿಯೂ ಕಂಕುಳ ಬಳಿ ಹೊಲಿಗೆ ಬಿಟ್ಟಿತ್ತು. ಅಂದು ಮೊದಲ ಸಲ ಅವರು ಜೋರಾಗಿ ನಕ್ಕರು, ಅಧ್ಯಕ್ಷರೂ ನಕ್ಕರು. ನಾನು ಕೂಡ, ಸ್ವಲ್ಪ.

ಅದಾದ ಮೇಲೆ ಎರಡು ವರ್ಷ ಮೇಷ್ಟ್ರು ನಮ್ಮಲ್ಲಿಗೆ ಬರುತ್ತಿದ್ದರು. ತಡವಾಗಿಯೇ. ಏನಾದರೂ ಹೊಸದು ಸೇರಿಸಿದಾಗಲೆಲ್ಲ ಮೊದಲು ಹಜಾರಕ್ಕೆ ಹೋಗಿ ನಿಲ್ಲುವರು. ಕೊನೆಗೆ ಅವರೇ ಕಾಯಿಲೆ ಬಿದ್ದಾಗ, ಕೆಲಸವನ್ನು ತಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ಒಪ್ಪಿಸಿ, ಫೋನಿನ ಚೀಲವನ್ನೂ ಕೊಟ್ಟರು. ಆಕೆ ಮೊನ್ನೆ ಬಂದಿದ್ದಳು. ಸಮಯಕ್ಕೆ ಸರಿಯಾಗಿ ಬಂದಳು. ರೋಗಿಯ ಕೈಗೆ ಫೋನು ಕೊಟ್ಟು, ತಾನು ಒಂದು ಹೆಜ್ಜೆ ಹಿಂದೆ ನಿಂತು ಬಾಯಿ ಮುಚ್ಚಿಕೊಂಡಳು. ಗೇಟಿನ ಮುಂದೆ ಇವತ್ತಿಗೂ ಸಾಲು ಇಲ್ಲ.

ಆ ಶನಿವಾರದ ಉಳಿದ ವರದಿ ಹೀಗಿದೆ. ಆರು ಗಂಟೆಗೆ ಖಚಿತಪಡಿಸುವ ಅವಧಿ ಮುಗಿಯಿತು. ಅಧ್ಯಕ್ಷರು ನೋಟಿಸನ್ನು ಮಡಿಸಿ ಜೇಬಿಗೆ ಹಾಕಿಕೊಂಡು ಅಂಗಡಿಗೆ ಹೊರಟರು. ಮೇಷ್ಟ್ರು ಕಟ್ಟಾಯದ ಬಸ್ಸಿಗೆ ಓಡಿದರು, ಅಕ್ಕನಿಗೆ ಹೇಳಲು. ನಾನು ಬೆಡ್‌ಶೀಟುಗಳನ್ನು ಅಳತೆಗೆ ತಕ್ಕಂತೆ ಮತ್ತೆ ಮಡಿಸಿದೆ. ಆರೂವರೆಗೆ ವ್ಯಾನಿನ ಚಾಲಕ ಸೋಮವಾರದ ದಾರಿ ಕೇಳಲು ಬಂದ.

"ಅರಕಲಗೂಡಿಗೆ ಓಗ್ಬೇಕಾ ಸಿಸ್ಟರ್, ಇಲ್ಲ ಓದ್ಸಲದಂಗೆ ಕಾಲೀನಾ?"

"ಹೋಗಬೇಕು. ಮೊದಲು ಅಲ್ಲಿಗೇ ಹೋಗಿ" ಎಂದು ಹೇಳಿ, ಅವನ ಮುಂದೆಯೇ ಸಮಯ ಬರೆದು ಕೊಟ್ಟೆ.